ಸ್ಲಿಪ್ಪಿಗೆ ಬಾರದ ದಿನಗಳು

ಸಕಲೇಶಪುರದ ಮರದ ಡಿಪೋದಲ್ಲಿ ಗುಮಾಸ್ತನಾಗಿದ್ದ ಬಾಬಾಜಾನ್ ಯಾರ ಮನೆಗೆ ಹೋದರೂ ಮೊದಲು ಗೋಡೆ ಮುಟ್ಟಿ ನೋಡುತ್ತಿದ್ದ. ಮದುವೆ ಮನೆಯಿರಲಿ ಸಾವಿನ ಮನೆಯಿರಲಿ, ಸಲಾಂ ಹೇಳುವ ಮುಂಚೆಯೇ ಹೆಬ್ಬೆರಳಿನ ಉಗುರನ್ನು ಗೋಡೆಗೊಮ್ಮೆ ಒತ್ತುತ್ತಿದ್ದ. ಡಿಪೋದ ಹಮಾಲರು ಅವನಿಗೆ ‘ಗೋಡೆ ಡಾಕ್ಟರ್’ ಎಂದು ಹೆಸರಿಟ್ಟಿದ್ದರು. ಹೆಂಡತಿ ಹಾಜಿರಾಗೆ ನಾಲ್ಕು ಜನರ ಮುಂದೆ ಇದು ನಾಚಿಕೆ. ಸಾಲದ್ದಕ್ಕೆ ಸುಣ್ಣ ಹೊಡೆದ ಹೊಸ ಗೋಡೆಯಾದರೆ ಉಗುರಿನ ಗುರುತು ಬೇರೆ ಉಳಿಯುತ್ತಿತ್ತು. ಎಷ್ಟು ಬೈದರೂ ಅವನು ಬಿಡಲಿಲ್ಲ. ಯಾಕೆ ಹೀಗೆ ಎಂದು ಕೇಳಿದವರಿಗೆ ಹೇಳಲೂ ಇಲ್ಲ.

ಆ ಚಾಳಿ ಅಂಟಿದ್ದು ವನಗೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ, ಸಾವಿರದ ಒಂಬೈನೂರ ಐವತ್ತೇಳು–ಐವತ್ತೆಂಟರಲ್ಲಿ. ಎಸ್ಟೇಟಿನ ಆಳುಗಳಿಗೆ ಮಾಲೀಕರೇ ಮನೆ ಕಟ್ಟಿಕೊಡಬೇಕು ಎಂದು ಸರ್ಕಾರ ಕಾನೂನು ಮಾಡಿ ವರ್ಷಗಳೇ ಕಳೆದಿದ್ದವು. ಆ ಕಾನೂನು ಈ ಎಸ್ಟೇಟಿನ ಮಾಲೀಕರ ಕಿವಿಗೆ ಬೀಳಲು ಅಷ್ಟು ವರ್ಷ ಬೇಕಾಯಿತು. ಜೂನ್ ಒಂದನೇ ತಾರೀಕು ಇನ್‌ಸ್ಪೆಕ್ಟರು ಬಂದು ಮನೆ ಎಣಿಸುತ್ತಾರೆ ಎಂಬ ಕಾಗದ ಬಂದ ಮೇಲೆ ಗಡಿಬಿಡಿ ಶುರುವಾಯಿತು. ಹತ್ತು ಹತ್ತು ಮನೆಯ ಎಂಟು ಲೈನು, ಒಟ್ಟು ಎಂಬತ್ತು ಮನೆ. ದೀಪಾವಳಿ ಕಳೆದ ಮೇಲೆ ಗುಡ್ಡ ಕಡಿಯಲು ಆರಂಭಿಸಿದರು.

ಕೆಲಸದ ಲೆಕ್ಕಕ್ಕೆ ರೈಟರ್ ಆಗಿ ಸೇರಿದವನು ಬಾಬಾಜಾನ್. ಆಗ ಅವನಿಗೆ ಇಪ್ಪತ್ತೇಳು. ಎತ್ತಿನ ಗಾಡಿ ಹೊಡೆಯುತ್ತಿದ್ದ ಅಪ್ಪನ ಮಗ, ಓದಿದ್ದು ಮಿಡ್ಲ್ ಸ್ಕೂಲು, ಕೈಬರಹ ಮಾತ್ರ ಮುತ್ತು ಪೋಣಿಸಿದ ಹಾಗೆ. ದಿನಾ ಸಾಯಂಕಾಲ ಐದಕ್ಕೆ ಅವನು ಮ್ಯಾನೇಜರ್ ದೇವೀರಪ್ಪನವರ ಮೇಜಿನ ಮೇಲೆ ಒಂದು ಸ್ಲಿಪ್ ಇಡಬೇಕು. ಅದರಲ್ಲಿ ಗೆರೆ ಎಳೆದ ನಾಲ್ಕೇ ಮನೆ: ಇವತ್ತು ಎಷ್ಟು ಆಳು, ಎಷ್ಟು ಕೂಲಿ, ಎಷ್ಟು ಅಡಿ ಗೋಡೆ, ಅಡಿಗೆ ಎಷ್ಟು ಬಿತ್ತು. ದೇವೀರಪ್ಪನವರು ಕೆಟ್ಟವರಲ್ಲ. ಕಾಫಿ ಗಿಡದ ಒಂದು ಎಲೆ ನೋಡಿ ಬೇರಿನ ರೋಗ ಹೇಳುತ್ತಿದ್ದ ಮನುಷ್ಯ. ಗೋಡೆಯ ವಿಷಯದಲ್ಲಿ ಮಾತ್ರ ಅವರಿಗೆ ಸ್ಲಿಪ್ಪೇ ಕಣ್ಣು. ಗುಡ್ಡ ಹತ್ತಿ ಕೆಲಸ ನೋಡಲು ಬರುತ್ತಿದ್ದದ್ದು ಶನಿವಾರ ಬಟವಾಡೆಗೆ ಮಾತ್ರ.

ಗೋಡೆ ಎಬ್ಬಿಸುತ್ತಿದ್ದವನು ಆಲೂರಿನ ಮೇಸ್ತ್ರಿ ದ್ಯಾವಯ್ಯ. ತನ್ನ ಊರಿನ ಕಡೆಯಿಂದಲೇ ನಲವತ್ತು ಜನರನ್ನು ಕರೆತಂದಿದ್ದ. ಕಲ್ಲಿನ ಬುನಾದಿಯ ಮೇಲೆ ಮಣ್ಣಿನ ಗೋಡೆ. ಗುಡ್ಡವನ್ನು ಮೆಟ್ಟಿಲಿನಂತೆ ಒಂದೊಂದೇ ಕಡಿದು, ಆ ಮೆಟ್ಟಿಲಿನ ಮಣ್ಣನ್ನೇ ನೀರು ಹುಲ್ಲು ಹಾಕಿ ತುಳಿದು, ಅದರಿಂದಲೇ ಆ ಲೈನಿನ ಗೋಡೆ ಏಳಬೇಕು. ಹಾಗಾಗಿ ಒಂದು ಸಲಕ್ಕೆ ಒಂದೇ ಲೈನು. ಒಂದೂವರೆ ಅಡಿ ಎತ್ತರದ ಒಂದು ವರಸೆ, ಲೈನಿನ ಉದ್ದಗಲಕ್ಕೂ ಸೇರಿ ಮುನ್ನೂರು ಅಡಿ, ಒಂದೇ ದಿನದಲ್ಲಿ ಮುಗಿಸುತ್ತಿದ್ದರು. ಆಮೇಲೆ ಎರಡು ದಿನ ಆ ಗೋಡೆಯನ್ನು ಯಾರೂ ಮುಟ್ಟುವ ಹಾಗಿಲ್ಲ. ಮೂರನೇ ದಿನ ಬೆಳಿಗ್ಗೆ ದ್ಯಾವಯ್ಯ ಗೋಡೆಯ ಉದ್ದಕ್ಕೂ ಹೆಬ್ಬೆರಳಿನ ಉಗುರು ಒತ್ತುತ್ತಾ ನಡೆಯುವನು.

“ಉಗುರು ಇಳೀಬಾರ್ದು ರೈಟ್ರೇ,” ಎಂದು ಮೊದಲ ವಾರವೇ ಅವನು ಬಾಬಾಜಾನನಿಗೆ ತೋರಿಸಿಕೊಟ್ಟ. “ಇಳೀತು ಅಂದ್ರೆ ಒಳಗಿನ್ನೂ ಹಸಿ ಐತೆ ಅಂತ. ಹಸಿ ಮ್ಯಾಲೆ ಹಸಿ ಏರಿಸ್ಬುಟ್ರೆ ಅದು ಗೋಡೆ ಅಲ್ಲ ಮಾರಾಯ, ಗುಡ್ಡೆ.”

ಆ ಎರಡು ದಿನ ಜನ ಸುಮ್ಮನೆ ಕೂರುತ್ತಿರಲಿಲ್ಲ. ಮುಂದಿನ ಮೆಟ್ಟಿಲು ಕಡಿಯುವುದು, ನೀರು ಹೊರುವುದು, ಎದ್ದ ಗೋಡೆಯನ್ನು ಸವರಿ ಬಿಸಿಲಿಗೆ ಬಿರಿಯದಂತೆ ಸೋಗೆ ಮುಚ್ಚುವುದು, ಕೆಲಸಕ್ಕೇನು ಬರವೇ. ಆದರೆ ಸ್ಲಿಪ್ಪಿನಲ್ಲಿ ಅದಕ್ಕೆ ಮನೆ ಇರಲಿಲ್ಲ. ಸೋಮವಾರ ಮುನ್ನೂರು ಅಡಿ ಎಂದು ಬರೆದವನು ಮಂಗಳವಾರ ಸೊನ್ನೆ ಬರೆದ, ಬುಧವಾರವೂ ಸೊನ್ನೆ ಬರೆದ. ದೇವೀರಪ್ಪನವರು ಕನ್ನಡಕ ತೆಗೆದಿಟ್ಟರು.

“ಆಳು ನಲವತ್ತು. ಕೂಲಿ ಐವತ್ತು ರೂಪಾಯಿ. ಗೋಡೆ ಸೊನ್ನೆ. ಇದನ್ನ ಮಾಲೀಕರಿಗೆ ನಾನು ಯಾವ ಮುಖ ಇಟ್ಟುಕೊಂಡು ಕಳಿಸಲಿ?”

“ಮಣ್ಣು ಆರಬೇಕು ಸಾರ್. ಬೇರೆ ಕೆಲಸ ನಡೀತಿದೆ.”

“ಆರೋದಕ್ಕೆ ಬಿಸಿಲಿದೆ, ಜನಕ್ಕೆ ಯಾಕೆ ಕೂಲಿ? ಸೊನ್ನೆ ಬಿದ್ದ ದಿನ ಇನ್ನು ಮುಂದೆ ಅರ್ಧ ಕೂಲಿ. ಹೇಳಿಬಿಡು.”

ಬಾಬಾಜಾನ್ ಹೇಳಲಿಲ್ಲ. ದಿನವಿಡೀ ಗುಡ್ಡ ಕಡಿದವರಿಗೆ ಅರ್ಧ ಕೂಲಿ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ರಾತ್ರಿ ಕೂತು ಯೋಚಿಸಬೇಕಾದಂಥ ಲೆಕ್ಕವೂ ಅದಲ್ಲ. ಕಚೇರಿಯಿಂದ ಲೈನಿಗೆ ಬರುವ ದಾರಿಯಲ್ಲೇ ಹೊಳೆದುಬಿಟ್ಟಿತು. ಮುನ್ನೂರನ್ನು ಮೂರರಿಂದ ಭಾಗಿಸಿದರೆ ನೂರು. ಮುಂದಿನ ವರಸೆಯಿಂದ ಗೋಡೆ ಎದ್ದ ದಿನ ನೂರು, ಕಾಯುವ ದಿನ ನೂರು, ಮತ್ತೊಂದು ಕಾಯುವ ದಿನ ನೂರು ಎಂದು ಬರೆದ. ನಲವತ್ತು ಆಳು, ಐವತ್ತು ರೂಪಾಯಿ, ನೂರು ಅಡಿ, ಅಡಿಗೆ ಎಂಟಾಣೆ. ದಿನಾ ಎಂಟಾಣೆ. ಒಂದು ಕಾಸು ಎಲ್ಲೂ ಸುಳ್ಳಾಗಲಿಲ್ಲ, ಒಂದು ಅಡಿ ಎಲ್ಲೂ ಹೆಚ್ಚಾಗಲಿಲ್ಲ. ಇದರಲ್ಲಿ ಯಾರ ಗಂಟು ಹೋಗುತ್ತದೆ ಎಂದು ತನಗೆ ತಾನೇ ಕೇಳಿಕೊಂಡ. ಯಾರದ್ದೂ ಇಲ್ಲ ಎಂದು ತಾನೇ ಉತ್ತರವನ್ನೂ ಹೇಳಿಕೊಂಡ.

ನಿಜವಾಗಿ ಎಷ್ಟು ಎದ್ದಿದೆ, ಎಷ್ಟು ಅಡಿ ಸ್ಲಿಪ್ಪಿಗೆ ಬರೆಯದೆ ಕೈಯಲ್ಲಿ ಉಳಿಸಿಕೊಂಡಿದ್ದೇನೆ ಎಂಬುದು ಮರೆಯಬಾರದಲ್ಲ. ಅದಕ್ಕೆ ಬೀಡಿ ಕಟ್ಟಿನಷ್ಟು ಅಗಲದ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡ. ಅಂಗಿಯ ಒಳಜೇಬಿನಲ್ಲಿ ಅದರ ವಾಸ. ಅದರಲ್ಲಿ ಇದ್ದದ್ದು ಇದ್ದ ಹಾಗೆ: ಸೋಮವಾರ ಒಂದು ವರಸೆ, ಮಂಗಳವಾರ ಕಾಯ್ದದ್ದು, ಬುಧವಾರ ಕಾಯ್ದದ್ದು.

ಹಬ್ಬ ಕಳೆಯಿತು, ಚಳಿ ಕಳೆಯಿತು, ಕಾಫಿ ಕೊಯ್ಲು ಮುಗಿಯಿತು. ಲೈನಿನ ಮೇಲೆ ಲೈನು ಎದ್ದು ಹೆಂಚು ಹೊದ್ದುಕೊಂಡವು. ಮಾಲೀಕರಿಂದ ಕಾಗದ ಬಂತು: ಇಷ್ಟು ಹದವಾಗಿ ನಡೆಯುವ ಕೆಲಸವನ್ನು ತಾವು ಬೇರೆ ಯಾವ ಎಸ್ಟೇಟಿನಲ್ಲೂ ಕಂಡಿಲ್ಲ. ದೇವೀರಪ್ಪನವರು ಆ ಕಾಗದವನ್ನು ಬಾಬಾಜಾನನಿಗೆ ಓದಿ ಹೇಳಿದರು. ಅವನಿಗೆ ಹಿಗ್ಗೋ ಹಿಗ್ಗು. ಆ ಭಾನುವಾರ ಸಕಲೇಶಪುರಕ್ಕೆ ಹೋದಾಗ ಹಾಜಿರಾಗೆ ಸೀರೆ ತಂದ.

ದ್ಯಾವಯ್ಯನ ಹೆಂಡತಿ ಚೌಡಮ್ಮ, ಆಕೆಯ ತಂಗಿ ಭದ್ರಮ್ಮ ಇಬ್ಬರೂ ಅಲ್ಲೇ ಮಣ್ಣು ಹೊರುತ್ತಿದ್ದರು. ಭದ್ರಮ್ಮನ ಗಂಡ ಹುಚ್ಚಣ್ಣ ಎಸ್ಟೇಟಿನ ಕಾಯಂ ಆಳು. ಹಾಗಾಗಿ ಅವರಿಗೂ ಒಂದು ಮನೆ ಸಿಗುವುದಿತ್ತು, ಎಂಟನೇ ಲೈನಿನ ಕೊನೆಯದು. ಅಕ್ಕತಂಗಿಯರ ಮಾತೆಲ್ಲ ಅದರದ್ದೇ. ಒಲೆ ಯಾವ ಮೂಲೆಗೆ, ಒನಕೆ ಎಲ್ಲಿಗೆ ಎಂದು ಗೋಡೆ ಏಳುವ ಮೊದಲೇ ಇಬ್ಬರೂ ಕಚ್ಚಾಡಿ ರಾಜಿಯಾಗಿದ್ದರು. ಭದ್ರಮ್ಮ ಮಂಕರಿ ಇಳಿಸುತ್ತಾ ಒಮ್ಮೆ ಬಾಬಾಜಾನನಿಗೂ ಹೇಳಿದ್ದಳು, “ನಮ್ಮ ಭಾವ ಕಟ್ಟೋ ಮನೆ ಕಣ್ರೀ. ಆನೆ ಒರಗಿದ್ರೂ ಬೀಳಾಕಿಲ್ಲ.”

ಏಳನೇ ಲೈನು ಮುಗಿದಾಗ ಮೇ ತಿಂಗಳು ಎರಡನೇ ವಾರ. ಇನ್‌ಸ್ಪೆಕ್ಟರು ಬರಲು ಇಪ್ಪತ್ತು ದಿನ. ಒಂದು ಲೈನಿನ ಗೋಡೆಗೆ ಏಳು ವರಸೆ, ಇಪ್ಪತ್ತೊಂದು ದಿನ, ಆಮೇಲೆ ಹೆಂಚು. ದೇವೀರಪ್ಪನವರು ದ್ಯಾವಯ್ಯನನ್ನೂ ಬಾಬಾಜಾನನನ್ನೂ ಕಚೇರಿಗೆ ಕರೆಸಿದರು. ಮೇಜಿನ ಮೇಲೆ ಆರು ತಿಂಗಳ ಸ್ಲಿಪ್ಪುಗಳ ಕಟ್ಟು.

“ನಲವತ್ತು ಜನ ದಿನಕ್ಕೆ ನೂರು ಅಡಿ. ನೂರಿಪ್ಪತ್ತು ಜನ ಹಾಕಿದರೆ ಮುನ್ನೂರು. ದಿನಕ್ಕೊಂದು ವರಸೆ, ಏಳು ದಿನಕ್ಕೆ ಗೋಡೆ. ತೋಟದ ಆಳು ಎಂಬತ್ತು ಕೊಡುತ್ತೇನೆ. ಅಡಿಗೆ ಅದೇ ಎಂಟಾಣೆ.”

“ಜನ ಜಾಸ್ತಿ ಆದ್ರೆ ಮಣ್ಣು ಬೇಗ ಆರ್ತದಾ ಬುದ್ಧಿ?” ಎಂದ ದ್ಯಾವಯ್ಯ. “ಒಂದು ವರಸೆ ಆದ್ಮೇಲೆ ಎಲ್ಡು ದಿನ ಕಾಯಬೇಕು.”

“ಕಾಯಬೇಕು ಅಂತ ಈಗ ಹೇಳುತ್ತೀಯಲ್ಲ. ಏಳು ಲೈನು ಕಟ್ಟುವಾಗ ಎಲ್ಲಿ ಕಾಯ್ದೆ?” ಅವರು ಸ್ಲಿಪ್ಪುಗಳನ್ನು ಹೆಬ್ಬೆರಳಲ್ಲಿ ಸರಸರ ತಿರುವಿದರು. “ನೂರು, ನೂರು, ನೂರು. ಮೊದಲ ವಾರ ಬಿಟ್ಟರೆ ಒಂದು ಸೊನ್ನೆ ತೋರಿಸು.”

ದ್ಯಾವಯ್ಯನಿಗೆ ಅಕ್ಷರ ಬಾರದು. ಅವನು ಬಾಬಾಜಾನನ ಮುಖ ನೋಡಿದ. ದೇವೀರಪ್ಪನವರೂ ಅವನ ಕಡೆಗೇ ತಿರುಗಿದರು. “ಏನು ರೈಟರ್? ಗೋಡೆ ಏಳದ ದಿನ ಇತ್ತೇನು?”

ಇತ್ತು ಸಾರ್ ಎಂದರೆ ಮುಗಿಯುತ್ತಿತ್ತು. ಎರಡು ಮಾತು. ಆದರೆ ಆ ಎರಡು ಮಾತಿನ ಹಿಂದೆ ಆರು ತಿಂಗಳ ಸ್ಲಿಪ್ಪು ಬರುತ್ತಿತ್ತು, ಮಾಲೀಕರ ಕಾಗದ ಬರುತ್ತಿತ್ತು, ಕೊಟ್ಟ ಕೂಲಿ ವಾಪಸ್ ಎಂಬ ಮಾತು ಬರುತ್ತಿತ್ತು, ಅವನ ಕೆಲಸ ಅವತ್ತೇ ಹೋಗುತ್ತಿತ್ತು. ಒಳಜೇಬಿನ ನೋಟ್‌ಬುಕ್ ಎದೆಗೆ ಒತ್ತುತ್ತಿತ್ತು.

“ಸ್ಲಿಪ್ಪಲ್ಲಿ ಇರೋದೇ ಸಾರ್,” ಎಂದ.

ದ್ಯಾವಯ್ಯ ಒಂದು ದಿನ ಹಟ ಹಿಡಿದ. ಎರಡು ವಾರದ ಬಟವಾಡೆ ತಡೆಯುತ್ತೇನೆ ಎಂದು ದೇವೀರಪ್ಪನವರು ಹೇಳಿ ಕಳಿಸಿದ ಮೇಲೆ ಅವನ ಜನವೇ ಅವನ ಕೈ ಹಿಡಿದುಕೊಂಡರು. ಮಳೆಗಾಲಕ್ಕೆ ಮುಂಚೆ ಊರಿಗೆ ಹೋಗಿ ಬಿತ್ತನೆ ಮಾಡಬೇಕು, ಬರಿಗೈಲಿ ಹೇಗೆ ಹೋಗುವುದು. ಎಂಟನೇ ಲೈನು ದಿನಕ್ಕೊಂದು ವರಸೆಯಂತೆ ಎದ್ದಿತು. ಪ್ರತಿ ಬೆಳಿಗ್ಗೆ ದ್ಯಾವಯ್ಯ ಉಗುರು ಒತ್ತುವನು, ಉಗುರು ಮಣ್ಣಿನೊಳಕ್ಕೆ ಇಳಿಯುವುದು, ಅವನು ಬಾಬಾಜಾನನ ಕಡೆ ನೋಡುವನು, ಇವನು ಆಳು ಎಣಿಸಲು ಶುರು ಮಾಡುವನು. ಆ ಏಳು ದಿನ ಸ್ಲಿಪ್ಪಿಗೂ ಚಿಕ್ಕ ನೋಟ್‌ಬುಕ್ಕಿಗೂ ಏನೂ ವ್ಯತ್ಯಾಸ ಇರಲಿಲ್ಲ.

ಇನ್‌ಸ್ಪೆಕ್ಟರು ಬಂದರು, ಎಂಬತ್ತು ಮನೆ ಎಣಿಸಿದರು, ಬಾಳೆಹಣ್ಣು ತಿಂದು ಕಾಫಿ ಕುಡಿದು ಹೋದರು. ಜುಲೈ ತಿಂಗಳ ಒಂದು ಬೆಳಿಗ್ಗೆ, ಹದಿನೈದು ದಿನ ಬಿಡದೆ ಹೊಡೆದ ಮಳೆಯಲ್ಲಿ, ಎಂಟನೇ ಲೈನಿನ ಕೊನೆಯ ಗೋಡೆ ಬುಡದಿಂದ ಉಬ್ಬಿ ಒಳಮುಖವಾಗಿ ಕುಸಿಯಿತು. ಹುಚ್ಚಣ್ಣ ಹೊರಗೆ ಹೋಗಿದ್ದ. ಭದ್ರಮ್ಮ ತಾನೇ ಆರಿಸಿಕೊಂಡ ಮೂಲೆಯಲ್ಲಿ ಒಲೆ ಹಚ್ಚುತ್ತಿದ್ದಳು. ಮಣ್ಣು ಸರಿಸಿ ತೆಗೆಯುವ ಹೊತ್ತಿಗೆ ಜೀವ ಇರಲಿಲ್ಲ.

ವಿಚಾರಣೆಗೆ ಹಾಸನದಿಂದ ಅಧಿಕಾರಿಯೊಬ್ಬರು ಬಂದರು. ಎಸ್ಟೇಟಿನ ಸ್ಟೋರಿನಲ್ಲಿ ಕುರ್ಚಿ ಹಾಕಿದ್ದರು. ದ್ಯಾವಯ್ಯನನ್ನು ಆಲೂರಿನಿಂದ ಕರೆಸಿದ್ದರು, ಜೊತೆಗೆ ಚೌಡಮ್ಮನೂ ಬಂದಿದ್ದಳು. ಬಾಗಿಲ ಪಕ್ಕ ನಿಂತು ಎಲ್ಲವನ್ನೂ ಕೇಳುತ್ತಿದ್ದಳು.

“ಹಸಿ ಗೋಡೆ ಸ್ವಾಮಿ. ಕಾಯೋಕೆ ಬುಡ್ಲಿಲ್ಲ. ಮಿಕ್ಕಿದ್ದಕ್ಕೆಲ್ಲ ವರಸೆಗೆ ಎಲ್ಡು ದಿನ ಕಾಯ್ದಿದ್ದೆ,” ಎಂದ ದ್ಯಾವಯ್ಯ.

ಅಧಿಕಾರಿ ಸ್ಲಿಪ್ಪಿನ ಕಟ್ಟು ತಿರುವಿದರು. ಏಳು ಲೈನಿಗೂ ದಿನದಿನವೂ ಗೋಡೆ ಎದ್ದಿದೆ. ಎಂಟನೆಯದಕ್ಕೂ ಎದ್ದಿದೆ. ಆಳಿಗೆ ಇಷ್ಟು ಅಡಿ ಎಂಬ ಲೆಕ್ಕ ಎಂಟಕ್ಕೂ ಒಂದೇ. ಕೂತು ದಿನ ಎಣಿಸಿದ್ದರೆ, ಅಲ್ಲಿ ಇಪ್ಪತ್ತೊಂದು ಇಲ್ಲಿ ಏಳು ಎಂಬುದು ಕಾಣುತ್ತಿತ್ತು. ಆದರೆ ಜನ ಮೂರು ಪಟ್ಟು, ಅದಕ್ಕೆ ಬೇಗ ಮುಗಿಯಿತು ಎಂದು ದೇವೀರಪ್ಪನವರು ಹೇಳಿದ್ದು ಅಧಿಕಾರಿಗೂ ಸರಿ ಕಂಡಿತು. ಅವರು ಗೋಡೆ ಕಟ್ಟಿದವರಲ್ಲ. ಕಟ್ಟಿದವನ ಮಾತು ಸ್ಲಿಪ್ಪಿನಲ್ಲಿ ಇರಲಿಲ್ಲ.

“ಬರೆದವರು ಯಾರು?” ಎಂದರು. ಬಾಬಾಜಾನ್ ಮುಂದೆ ಬಂದ. “ಇದೆಲ್ಲ ಸರಿಯಾಗಿದೆಯೇನಪ್ಪ?”

ಒಳಜೇಬಿನಲ್ಲೇ ಇದ್ದ ನೋಟ್‌ಬುಕ್ ಈ ಸಲ ಅವನ ಎದೆಗೆ ಒತ್ತಲೂ ಇಲ್ಲ.

“ಸರಿಯಾಗಿದೆ ಸಾರ್.”

ಚೌಡಮ್ಮ ತಲೆ ತಿರುಗಿಸಿ ಗಂಡನನ್ನು ನೋಡಿದಳು. ಅದು ಮೊದಲಿನಂತೆ ಹೆಂಡತಿ ನೋಡುವ ನೋಟವಾಗಿರಲಿಲ್ಲ. ಮೇಸ್ತ್ರಿಯ ಕೈ ತಪ್ಪಿನಿಂದ ಗೋಡೆ ಬಿದ್ದಿದೆ ಎಂದು ಬರೆದುಕೊಂಡು ಅಧಿಕಾರಿ ಜೀಪು ಹತ್ತಿದರು. ದ್ಯಾವಯ್ಯನಿಗೆ ಜೈಲೇನೂ ಆಗಲಿಲ್ಲ. ಅವನನ್ನು ಗೋಡೆಗೆ ಕರೆಯುವವರು ಇಲ್ಲವಾದರು, ಅಷ್ಟೇ.

ಮುಂದಿನ ವರ್ಷ ಬಾಬಾಜಾನ್ ಎಸ್ಟೇಟು ಬಿಟ್ಟ. ಯಾರೂ ಬಿಡಿಸಲಿಲ್ಲ, ಸಂಬಳವೂ ಹೆಚ್ಚಾಗಿತ್ತು. ಮರದ ಡಿಪೋ ಸೇರಿದ. ಮಗಳು ಫಹಮೀದಾ ಹುಟ್ಟಿದಳು, ಬೆಳೆದಳು. ಆಲೂರಿಗೆ ಹೋಗಬೇಕು, ಹೇಳಬೇಕು ಎಂದು ಮೊದಲ ವರ್ಷ ದಿನಾ ಅಂದುಕೊಂಡ, ಎರಡನೇ ವರ್ಷ ವಾರಕ್ಕೊಮ್ಮೆ, ಆಮೇಲೆ ಮಳೆಗಾಲ ಬಂದಾಗ. ಆಲೂರೇನು ದೂರವೇ, ಸರ್ಕಾರಿ ಬಸ್ಸು ಬಾಗಿಲಲ್ಲೇ ನಿಲ್ಲುತ್ತಿತ್ತು. ಹೋಗದಿರಲು ಅವನಿಗೆ ಕಾರಣವಿರಲಿಲ್ಲ. ಭಯ ಇತ್ತು, ಅದನ್ನು ಅವನು ಕೆಲಸ ಎಂದು ಕರೆಯುತ್ತಿದ್ದ.

ಹೀಗೆ ಎಂಟು ವರ್ಷ. ಅರವತ್ತಾರರಲ್ಲಿ ಹಾಜಿರಾ ಒಡವೆ ಅಡವಿಟ್ಟು ಊರಾಚೆ ಒಂದು ತುಂಡು ಜಾಗ ಕೊಂಡಳು. ಎರಡು ಕೋಣೆಯ ಮನೆಗೆ ಮೇಸ್ತ್ರಿ ಬೇಕಿತ್ತು. ಹಾನುಬಾಳಿನ ಕಲ್ಲಿನ ಗುತ್ತಿಗೆದಾರ ಶಿವಯ್ಯನನ್ನು ಕರೆದು ಕೇಳಿದರು.

“ಮಣ್ಣಿನ ಗೋಡೆಗೆ ಅಂದ್ರೆ ಆಲೂರಲ್ಲಿ ಒಬ್ಬ ಇದ್ದ ಸಾಬ್ರೇ, ಅವನಂಥ ಕೈ ಈ ಸೀಮೇಲೇ ಇರ್ಲಿಲ್ಲ,” ಎಂದ ಶಿವಯ್ಯ, ಹಾಜಿರಾ ಕೊಟ್ಟ ಟೀ ಹೀರುತ್ತಾ. “ಆದ್ರೆ ಅವನ್ನ ಮಾತ್ರ ಕರೀಬ್ಯಾಡಿ. ಯಾವುದೋ ಎಸ್ಟೇಟಲ್ಲಿ ಗೋಡೆ ಬೀಳಿಸಿ ನಾದಿನೀನೇ ಕೊಂದ್ಬುಟ್ಟ.”

ಮಾರನೆಯ ದಿನ ಬಾಬಾಜಾನ್ ಪೆಟ್ಟಿಗೆಯ ತಳದಿಂದ ಚಿಕ್ಕ ನೋಟ್‌ಬುಕ್ ತೆಗೆದು ಒಳಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ.

ದ್ಯಾವಯ್ಯನ ಮನೆ ಆಲೂರಿನ ಸಂತೆ ಮಾಳದ ಹಿಂದೆ. ಅವನು ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಂದವನನ್ನು ನೋಡಿ ಗುರುತು ಹಿಡಿದ, ಹೊಸೆಯುವುದನ್ನು ನಿಲ್ಲಿಸಲಿಲ್ಲ.

“ಬಾ ರೈಟ್ರೇ. ಕೂತ್ಕೋ.”

ಬಾಬಾಜಾನ್ ಕೂರಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು. ಮುನ್ನೂರನ್ನು ಮೂರು ಭಾಗ ಮಾಡಿದ್ದು, ಅರ್ಧ ಕೂಲಿಯ ಮಾತು, ಕಚೇರಿಯಲ್ಲಿ ಹೇಳಿದ ಸುಳ್ಳು, ಸ್ಟೋರಿನಲ್ಲಿ ಹೇಳಿದ ಸುಳ್ಳು, ಹಿಂದುಮುಂದಾಗಿ ಎಲ್ಲ ಹೇಳಿದ. ನೋಟ್‌ಬುಕ್ ತೆಗೆದು ತೋರಿಸಿದ.

“ಕಾಯೋ ದಿನಾನೂ ಪೂರ್ತಿ ಕೂಲಿ ಬತ್ತಿತ್ತಲ್ಲ, ನೀನೇ ಏನೋ ಮಾಡ್ತಿದ್ದೀಯ ಅಂತ ಗೊತ್ತಿತ್ತು ಕಣಪ್ಪ,” ಎಂದ ದ್ಯಾವಯ್ಯ. “ಅದು ಒಳ್ಳೇದೇ ಮಾಡ್ದೆ. ನಮ್ಮ ಜನ ಉಂಡ್ರು. ಆದ್ರೆ ಕೇಳ್ದಾಗ ಹೇಳಬೇಕಿತ್ತು. ಎಲ್ಡು ಸಲ ಕೇಳಿದ್ರು ನಿನ್ನ.”

“ಹೇಳಬೇಕಿತ್ತು.”

“ಇಂಥದ್ದೊಂದು ಪುಸ್ತಕ ಐತೆ ಅಂತ ನಂಗೊತ್ತಿರ್ಲಿಲ್ಲ.” ಅವನು ಹಗ್ಗ ಕೆಳಗಿಟ್ಟು ನೋಟ್‌ಬುಕ್ಕನ್ನು ಕೈಗೆ ತೆಗೆದುಕೊಂಡ. ತಿರುಗಿಸಿ ಮುರುಗಿಸಿ ನೋಡಿದ. “ಆವತ್ತು ನಿನ್ನ ಜೇಬಲ್ಲಿತ್ತಾ ಇದು?”

“ಇತ್ತು.”

ದ್ಯಾವಯ್ಯ ನೋಟ್‌ಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ತಿರುವಿದ.

“ಚೌಡಮ್ಮನಿಗೂ ಹೇಳ್ತೀನಿ. ಆಕೆಯ ಕಾಲು ಹಿಡ್ಕೋತೀನಿ. ಎಲ್ಲಿದ್ದಾಳೆ?” ಎಂದು ಬಾಬಾಜಾನ್ ಕೇಳಿದ.

“ಹೋದ ಕಾರ್ತೀಕದಲ್ಲಿ ಹೋಗ್ಬುಟ್ಳು. ಏಳು ವರ್ಸ ಮುದ್ದೆ ಹಾಕಿದ್ಳು, ನೀರು ಕಾಸಿದ್ಳು, ಒಂದು ದಿನಾನೂ ನನ್ನ ಮುಖ ನೋಡಿ ಮಾತಾಡ್ಲಿಲ್ಲ. ಹಸಿ ಗೋಡೆ ಕಣೇ, ಮಿಕ್ಕಿದ್ದಕ್ಕೆಲ್ಲ ಕಾಯ್ದಿದ್ದೆ ಕಣೇ ಅಂತ ಹೇಳಿ ಹೇಳಿ ಸಾಕಾಯ್ತು. ಸ್ಲಿಪ್ಪಲ್ಲಿ ಬರ್ದಿರೋದು ಸುಳ್ಳಾ ಅನ್ನೋಳು. ಸಾಯೋ ದಿನಾನೂ ಅದೇ ಅಂದ್ಳು.”

ಬಾಬಾಜಾನ್ ಜಗಲಿಯ ಮೇಲೆ ಕೂತ. ಎಂಟು ವರ್ಷದಲ್ಲಿ ಯಾವ ದಿನ ಬಂದಿದ್ದರೂ ಆಗುತ್ತಿತ್ತು. ಹೋದ ವರ್ಷ ಮಳೆಗಾಲದಲ್ಲಿ ಆಲೂರಿನ ಬಸ್‌ಸ್ಟ್ಯಾಂಡಿನವರೆಗೆ ಬಂದು ವಾಪಸ್ ಹೋಗಿದ್ದ. ಆವತ್ತು ಆಕೆ ಬದುಕಿದ್ದಳು.

ದ್ಯಾವಯ್ಯ ನೋಟ್‌ಬುಕ್ಕನ್ನು ಅವನ ಕೈಗೆ ವಾಪಸ್ ಕೊಟ್ಟ. ತಾನು ಎದ್ದು ತೆರೆದ ಬಾಗಿಲ ಹೊಸ್ತಿಲ ಮೇಲೆ ಒಳಮುಖವಾಗಿ ಕೂತ.

“ಓದು,” ಎಂದ. “ವಸಿ ಗಟ್ಟಿಯಾಗಿ ಓದು.”

ಬಾಬಾಜಾನ್ ಓದಿದ. ಮೊದಲನೇ ಲೈನು: ಸೋಮವಾರ ಒಂದು ವರಸೆ. ಮಂಗಳವಾರ ಕಾಯ್ದದ್ದು. ಬುಧವಾರ ಕಾಯ್ದದ್ದು. ಗುರುವಾರ ಒಂದು ವರಸೆ. ಶುಕ್ರವಾರ ಕಾಯ್ದದ್ದು. ಒಂದಕ್ಷರ ಬಿಡದೆ ಏಳು ಲೈನು ಓದಿದ. ಬಿಸಿಲು ಜಗಲಿ ಹತ್ತಿತು, ಗಂಟಲು ಒಣಗಿತು. ದ್ಯಾವಯ್ಯ ಅಲುಗಾಡದೆ ಒಳಗಿನ ಕತ್ತಲೆ ನೋಡುತ್ತಾ ಕೂತಿದ್ದ. ಕೊನೆಯ ಹಾಳೆ ಬಂತು. ಎಂಟನೇ ಲೈನು: ಬುಧವಾರ ಒಂದು ವರಸೆ. ಗುರುವಾರ ಒಂದು ವರಸೆ. ಶುಕ್ರವಾರ ಒಂದು ವರಸೆ. ಶನಿವಾರ ಒಂದು ವರಸೆ. ಅಲ್ಲಿಗೆ ಬಾಬಾಜಾನ್ ನೋಟ್‌ಬುಕ್ ಮಡಚಿದ.

ಹೊಸ್ತಿಲ ಮೇಲಿದ್ದ ದ್ಯಾವಯ್ಯ ಒಲೆಯ ಕಡೆಗೆ ಮುಖ ಮಾಡಿಯೇ ಹೇಳಿದ, “ಕೇಳಿಸ್ತಾ ಚೌಡಿ? ಕಾಯ್ದಿದ್ದೆ.”